ಆಯಿ ಪರೀಕ್ಷಾ ನಾ ಬರದ್ನಿ

ಥೂ! ಮೊದಲ ಉಗುಳತೇನಿ, ಆಮ್ಯಾಲ ಮಾತಾಡತೇನಿ.

ಹೋದ ತಿಂಗಳ ನಮ್ಮ ಆಯಿ ತೀರಿಕೊಂಡ್ಲು. ಆಯಿ ಅಂದ್ರ ನಮ್ಮಪ್ಪನ ತಾಯಿ, ಶಟ್ಟೆವ್ವ. ನಮ್ಮಲ್ಲೆ ಪದ್ಧತಿ ಇದ್ದಂಗ ಹೆಣಾ ಕುಂಡ್ರಿಸಿ, ಹಣಿ ತುಂಬ ವಿಭೂತಿ ಹಚ್ಚಿ, ಹೂವಿನ ಮಾಲಿ ಹಾಕಿದ್ರು. ಮಂದಿ ಬರಾಕತ್ತಿದ್ರು, ಕೈಮುಗಿದು ಕುಂಡ್ರಾಕತ್ತಿದ್ರು. ಅಷ್ಟರಾಗ ನಮ್ಮಪ್ಪ ಪರಸಪ್ಪ ಒಳಗ ಹೋಗಿ, ಗ್ವಾಡಿ ಮ್ಯಾಲಿನ ಫ್ರೇಮ ತಗದು, ಧೋತರದ ಚುಂಗಿಲೆ ಗ್ಲಾಸ ಒರಸಿ, ತಂದು ಹೆಣದ ಮಗ್ಗಲಕ ಇಟ್ಟ. ಹನ್ನೊಂದ ವರ್ಷದ ಹಿಂದಿನ ಸರ್ಟಿಫಿಕೇಟ ಅದು. ಶ್ರೀಮತಿ ಶಟ್ಟೆವ್ವ ಇವರು ಸಾಕ್ಷರತಾ ಪರೀಕ್ಷೆಯಲ್ಲಿ ಗ್ರಾಮಕ್ಕೆ ಪ್ರಥಮ ಬಂದಿರುತ್ತಾರೆ ಅಂತ ಬರದೈತಿ.

"ಉಮಾ, ನೀ ಅಕ್ಕೋರ ಇದ್ದಿ. ಕಿತ್ತೂರಾಗ ಅಷ್ಟೊಂದ ಹುಡುಗೂರಿಗೆ ಓದಾಕ ಕಲಸ್ತಿ. ಎಲ್ಲಾರಿಗೂ ಕೇಳುವಂಗ ಇದನ್ನ ಓದು" ಅಂದ ಅಪ್ಪ.

"ನನಗ ಓದಾಕ ಬರೂದಿಲ್ಲ" ಅಂದ್ನಿ.

ಮಂದಿ ಏನ ತಿಳಕೊಂಡ್ರು? ಪಾಪ, ಹುಡಿಗಿಗೆ ಆಯಿ ಮ್ಯಾಲ ಭಾಳ ಜೀವ ಇತ್ತು, ದುಃಖದಾಗ ಏನೇನೋ ಅನ್ನಾಕತ್ತಾಳ ಅಂದ್ರು. ನಾ ಎದ್ದು ಹಿತ್ತಲಕ್ಕ ಹೋದ್ನಿ. ಅಳು ಬರಲಿಲ್ಲ. ಆ ಹಾಳಿ ಮ್ಯಾಲ ಇರೂದು ಆಯಿ ಹೆಸರು ಖರೆ, ಆದ್ರ ಆ ಪರೀಕ್ಷಾ ಬರದಾಕಿ ನಾನು. ಅದನ್ನ ಹೆಣದ ಮಗ್ಗಲಕ ಇಟ್ಟು ಮೆರಿಯಾಕ ನಮ್ಮಪ್ಪನಂಥಾವಗ ಅಷ್ಟ ಮನಸ ಬರಬೇಕು. ಮತ್ತ ರಾಮದುರ್ಗಕ್ಕ ಸುದ್ದಿ ಕಳಿಸಿದ್ರೂ ಗಂಗಾ ಅತ್ತಿ ಹೆತ್ತ ತಾಯಿ ಮಣ್ಣಿಗೆ ಬರಲಿಲ್ಲ. ಯಾಕ ಬರಲಿಲ್ಲ ಅಂತ ನೆರೆದ ಮಂದಿ ಗುಸುಗುಸು ಮಾತಾಡಿಕೊಂಡ್ರು. ನನಗ ಗೊತ್ತೈತಿ ಯಾಕ ಅಂತ.

ಊರ ಹೆಸರ ಹೇಳೂದಿಲ್ಲ. ಸಂಪಗಾಂವ ದಾಟಿ ಒಳಗ ಹೊಕ್ರ ಬರತೈತಿ, ಅಷ್ಟ ಸಾಕು.

ಗಂಗಾ ಅತ್ತಿ ಅಂದ್ರ ಅಪ್ಪನ ತಂಗಿ, ಆಯಿಗೆ ಒಬ್ಬಾಕೇ ಮಗಳು. ಏಳನೇತ್ತಾ ಪಾಸಾಗಿದ್ಲು. ನನಗ ಅಕ್ಷರ ಕಲಿಸಿದಾಕಿ ಆಕೀನ, ಸಾಲಿ ಮಾಸ್ತರ ಅಲ್ಲ. ರೊಟ್ಟಿ ಬಡಿಯಾಕ ಕುಂತಾಗ ಪರಾತದಾಗ ಜ್ವಾಳದ ಹಿಟ್ಟ ಹರವಿ, ಕೈ ಬಟ್ಟಿಲೆ 'ಅ' ಬರದು, "ಉಮಿ, ಇದರ ಮ್ಯಾಲ ಬಟ್ಟ ಆಡಸು" ಅನ್ನಾಕಿ. ನಾ ತಿದ್ದಿ ತಿದ್ದಿ ಹಿಟ್ಟೆಲ್ಲಾ ಮೈಮ್ಯಾಲ ಚೆಲ್ಲಿಕೊಂಡ್ರ ಆಯಿ ಬೈಯಾಕಿ: "ಏ ಹುಡುಗ್ಯಾರಾ, ಅಕ್ಷರ ತಿಂದ್ರ ಹೊಟ್ಟಿ ತುಂಬತೈತೇನ? ಹಿಟ್ಟ ಕೊಡ್ರಿ ಇಲ್ಲೆ." ಬೈಕೊಂತ ಬೈಕೊಂತನ ಬಗ್ಗಿ ನೋಡಾಕಿ. ಅತ್ತಿ ಬರದ ಅಕ್ಷರಾ ಅಳಿಸಿ ರೊಟ್ಟಿ ಬಡಿಯಾಕ ಆಕಿಗೆ ಮನಸ್ಸ ಆಗತಿರಲಿಲ್ಲ. ಅಕ್ಷರದ ಮಗ್ಗಲಿನ ಹಿಟ್ಟ ತಗೊಂಡು ರೊಟ್ಟಿ ಬಡಿಯಾಕಿ.

ತೊಂಬತ್ಮೂರರ ಬ್ಯಾಸಿಗ್ಯಾಗ ಅತ್ತಿನ್ನ ರಾಮದುರ್ಗದ ಒಂದ ಬಟ್ಟಿ ಅಂಗಡಿಯವರ ಮನಿಗೆ ಕೊಟ್ರು. ನಮ್ಮ ಮನಿತನದಾಗ ಒಂದ ರೂಢಿ ಐತಿ. ಕೊಟ್ಟ ಮಗಳು ಹಡಿಯೂ ಮಟಾ ತಾಯಿ ಆಕೀ ಮನಿ ಹೊಸ್ತಿಲ ತುಳಿಯಂಗಿಲ್ಲ. ಪಂಚಮಿಗೆ ಅಣ್ಣ ಹೋಗಿ ಕರಕೊಂಡ ಬರಬೇಕು. ಮೊದಲನೇ ಪಂಚಮಿಗೆ ಅಪ್ಪ ಉಂಡಿ ಗಂಟ ಕಟಗೊಂಡು ಹೋದ, ಸಂಜಿಮುಂದ ಒಬ್ಬನ ಬಂದ. "ಅವರ ಮನ್ಯಾಗ ಕೆಲಸ ಭಾಳ ಐತಂತ. ಮುಂದಿನ ವರ್ಷ ಕಳಸ್ತಾರಂತ" ಅಂದ. ರಾಮದುರ್ಗಕ್ಕ ಹೋಗಿದ್ನೋ, ಬೈಲಹೊಂಗಲದಾಗ ಚಾ ಕುಡದು ಉಂಡಿ ಹಂಚಿ ತಿರುಗಿ ಬಂದ್ನೋ, ಶಿವನ ಬಲ್ಲ.

ಪಂಚಮಿ ಆಗಿ ಹದಿನೈದ ದಿನಕ್ಕ ಅತ್ತಿ ಕಡಿಂದ ನೀಲಿ ಇನ್‌ಲ್ಯಾಂಡ ಕಾಗದ ಬಂತು. ಅಪ್ಪ ಓದಿದ. "ಇತ್ತ ಕಡೆ ಎಲ್ಲಾರೂ ಆರಾಮ, ನೀವೂ ಆರಾಮ ಇರ್ರಿ ಅಂತ ಬರದಾಳ" ಅಂದು ಮಡಚಿ ಕಿಸೆದಾಗ ಇಟಗೊಂಡ. ಆಯಿ ಬಿಡಬೇಕಲ್ಲ! "ಇರಿವಿ ಸಾಲ ಹೊಂಟಂಗ ಕಾಗದ ತುಂಬ ಬರದಾಳ, ಇಷ್ಟ ಮಾತೇನೊ ಪರಸ್ಯಾ? ಕೊಡಿಲ್ಲೆ. ಇನ್ನ ಮ್ಯಾಲ ಉಮಿ ಓದಲಿ. ಆಕಿಗೆ ಗಂಗಾನ ಕಲಿಸ್ಯಾಳ" ಅಂದ್ಲು.

ಎರಡನೇ ಕಾಗದ ಬಂದ ದಿನ ನಾ ಸಾಲಿಂದ ಬರೂದಕ್ಕ ಅಪ್ಪ ಓಣಿ ತುದಿಗೆ ನಿಂತಿದ್ದ. ಕೈಹಿಡಿದು ಸೀದಾ ದನದ ಕೊಟ್ಟಿಗಿಗೆ ಕರಕೊಂಡ ಹೋದ. ನಾಕನೇತ್ತಾ ಓದಾಕಿ ನಾ. ಕಾಗದ ಬಿಚ್ಚಿ ನನ್ನ ಮುಂದ ಹಿಡದ. ಅತ್ತಿ ಬರದಿದ್ದು ಇವತ್ತಿಗೂ ಕಣ್ಣಾಗ ಐತಿ. "ಅಣ್ಣಾ, ಇದನ್ನ ಅವ್ವಗ ಓದಿ ಹೇಳು. ಅವ್ವಾ, ಇಲ್ಲೆ ನನ್ನ ಬಾಳೇವು ಛಲೋ ಇಲ್ಲ. ಉರಿಯೂ ಕಟಗಿಲೆ ಬೆನ್ನ ಸುಟ್ಟಾರ. ಎರಡೆರಡ ದಿನ ರೊಟ್ಟಿ ಕೊಡೂದಿಲ್ಲ. ಅವ್ವಾ, ಬಂದು ಕರಕೊಂಡ ಹೋಗ್ರಿ. ನಾ ಕೂಲಿ ಮಾಡಿ ತಿಂತೇನಿ, ನಿಮಗ ಭಾರ ಆಗೂದಿಲ್ಲ."

ನಾ ಅಳಾಕ ಹತ್ತಿದ್ನಿ. ಅಪ್ಪ ನನ್ನ ತಲಿ ಸವರಿದ. "ನೋಡ ಕೂಸ, ಆಯಿಗೆ ಎದಿ ಬ್ಯಾನಿ ಐತಿ. ಇದನ್ನ ಕೇಳಿದ್ರ ಕುಂತಲ್ಲೇ ಸಾಯತಾಳ. ನೀ ಆಯಿನ್ನ ಕೊಲ್ಲತಿ ಏನ? ನಾ ಹೇಳಿದಂಗ ಓದು. ಅತ್ತಿನ್ನ ನಾ ಕರಕೊಂಡ ಬರತೇನಿ, ಚಿಂತಿ ಮಾಡಬ್ಯಾಡ" ಅಂದ. ಎದಿ ಬ್ಯಾನಿ ಅಂತ! ಎರಡ ಕೊಡ ಹೊತಗೊಂಡು ಬಾವಿ ಪಾವಟಗಿ ಏರಿ ಬರಾಕಿ ಆಕಿ. ಖರೆ ಸಂಗತಿ ನನಗ ತಿಳಿದದ್ದು ದೊಡ್ಡಾಕಿ ಆದ ಮ್ಯಾಲ. ಆ ವರ್ಷ ಗ್ರಾಮ ಪಂಚಾಯ್ತಿ ಇಲೆಕ್ಷನ್ನಿಗೆ ಅಪ್ಪ ನಿಂತಿದ್ದ. ಕೊಟ್ಟ ತಂಗಿ ಗಂಡನ್ನ ಬಿಟ್ಟು ಮನ್ಯಾಗ ಬಂದ ಕುಂತಾಳ ಅಂದ್ರ ಮಂದಿ ಮುಂದ ಮಾರಿ ಹೆಂಗ ತೋರಸೂದು, ಓಟ ಹೆಂಗ ಕೇಳೂದು? ಅದು ಆಂವನ ಚಿಂತಿ. ಮರುದಿನ ನನಗ ಹೊಸಾ ಕಂಪಾಸ ಪೆಟಗಿ ತಂದ ಕೊಟ್ಟ. ಅದನ್ನ ನಾ ತಗೊಂಡ್ನಿ. ತಗೊಂಡು ಸಾಲ್ಯಾಗ ಎಲ್ಲಾರಿಗೂ ತೋರಿಸಿದ್ನಿ. ನನಗ ಎಂಥಾ ಹೇಸಿಗಿ ಬರತೈತಿ ಅಂತೀರಿ!

ಅವತ್ತು ಪಡಸಾಲ್ಯಾಗ ಕುಂತು ಅಪ್ಪ ಹೇಳಿಕೊಟ್ಟ ನಾಕ ಮಾತ ಓದಿದ್ನಿ. ಆಯಿ "ಹೂಂ" ಅಂದ್ಲು. ಮುಗೀತು ಅಂದ್ರ "ಇಷ್ಟನ? ಇನ್ನ ಕೆಳಗ ಬರದಾಳಲ್ಲ, ಓದ ನನ್ನವ್ವಾ" ಅಂದ್ಲು. ನಾ ಏನ ಮಾಡ್ಲಿ? ಬಾಯಿಗೆ ಬಂದದ್ದು ಹೇಳಿದ್ನಿ. "ನಮ್ಮ ಮನ್ಯಾಗ ಎಮ್ಮಿ ಈದೈತಿ. ಕರಾದ ಹಣಿ ಮ್ಯಾಲ ಬಿಳೇ ಚುಕ್ಕಿ ಐತಿ" ಅಂದ್ನಿ. ಆಯಿ ಮಾರಿ ಅರಳಿ "ಹೂಂ ಹೂಂ, ಮುಂದ?" ಅಂದ್ಲು. "ನನಗ ನಮ್ಮ ಅತ್ತಿ ಮಾವ ಹಸರ ಇಲಕಲ್ಲ ಸೀರಿ ತಂದಾರ" ಅಂದ್ನಿ. "ಹೂಂ, ಮುಂದ?"

ಹಿಂಗ ಸುರು ಆತು ನೋಡ್ರಿ. ಕಾಗದ ಮ್ಯಾಲ ಕಾಗದ ಬಂದ್ವು. ಒಂದೊಂದಕ್ಕೂ ಅಪ್ಪ ಕೊಟ್ಟಿಗ್ಯಾಗ ನಿಂದ್ರಿಸಿ ನಾಕ ಮಾತ ಕಲಸಾಂವ, ಉಳಿದದ್ದು ನಾ ಕಟ್ಟಾಕಿ. ಎಮ್ಮಿ ಕರಾ ದೊಡ್ಡದಾತು. ಅತ್ತಿ ಹಪ್ಪಳ ಮಾಡಿದ್ಲು, ಗಂಡನ ಜೋಡಿ ಸವದತ್ತಿ ಯಲ್ಲಮ್ಮನ ಗುಡ್ಡಕ್ಕ ಹೋಗಿ ಬಂದ್ಲು. ಬಾಜೂ ಮನಿ ಮಾಯವ್ವ ಬಂದು ಕುಂಡ್ರಾಕ ಹತ್ತಿದ್ಲು, ಆಕೀ ಹಿಂದ ಓಣ್ಯಾಗಿನ ಇನ್ನ ನಾಕ ಹೆಂಗಸರು. "ಏನ ಓದತೈತಿ ಬೇ ಕೂಸು! ಕಣ್ಣಮುಂದ ಕಂಡಂಗ ಆಗತೈತಿ" ಅನ್ನಾವರು.

ನನಗ ಹಿಗ್ಗ ಆಗತಿತ್ತು. ಮುಚ್ಚಿ ಇಡೂದಿಲ್ಲ, ಹೇಳೇಬಿಡತೇನಿ. ಅಂಜಿಕಿ ಹೋಗಿ ರುಚಿ ಹತ್ತಿತು. ಬೆನ್ನ ಸುಟಗೊಂಡು ಅತ್ತಿ ಬರದ ಕಾಗದ ಕೈಯಾಗ ಹಿಡಕೊಂಡು, ಸಾಲ ಮ್ಯಾಲ ಬಟ್ಟ ಇಟ್ಟು, ನಾ ಇಲಕಲ್ಲ ಸೀರಿ ಕಥಿ ಹೇಳತಿದ್ನಿ. ಈ ನಾಲಗಿ ಅವತ್ತ ಸೇದಿ ಹೋಗಬೇಕಿತ್ತು.

ಉತ್ತರ ಬರಿಯೂದೂ ನನಗ ಬಂತು. ಆಯಿ ಹೇಳಿದ್ಲು, ನಾ ಬರದ್ನಿ: "ಮಗಳ ಗಂಗಾ, ನಿನ್ನ ಕಾಗದ ಎಲ್ಲಾ ಉಮಿ ಓದಿ ಹೇಳಿದ್ಲು. ಕೇಳಿ ನನ್ನ ಜೀವ ತಣ್ಣಗಾತು. ಹಿಂಗ ನಕ್ಕೋತ ಇರು. ಅತ್ತಿ ಮಾವನ ಮಾತ ಮೀರಬ್ಯಾಡ. ನಿನ್ನ ಬಾಳೇವು ನೋಡಿ ಮಂದಿ ಹೊಟ್ಟಿಕಿಚ್ಚ ಪಡಬೇಕು, ಹಂಗ ಇರು."

ಆ ಒಂದ ಕಾಗದದಾಗ ಮಾತ್ರ ನಾ ಒಂದ ಅಕ್ಷರನೂ ಬದಲ ಮಾಡಲಿಲ್ಲ. ಆಯಿ ಹೇಳಿದ್ದು ಹೇಳಿದಂಗ ಬರದ್ನಿ. ಅಪ್ಪ ಓದಿದ, ಮೀಸ್ಯಾಗ ನಕ್ಕ, ತಾನ ಹೋಗಿ ಪೋಸ್ಟ ಡಬ್ಬ್ಯಾಗ ಹಾಕಿ ಬಂದ. ಅಲ್ಲೆ ಆಕಿ ಅದನ್ನ ಹೆಂಗ ಓದಿರಬೇಕು ಅಂತ ನಾ ಒಂದ ದಿನಾನೂ ವಿಚಾರ ಮಾಡಲಿಲ್ಲ.

ಇಲೆಕ್ಷನ್ನಿನ್ಯಾಗ ಅಪ್ಪ ಆರಿಸಿ ಬಂದ. ತೊಂಬತ್ನಾಕರ ಸುರುವಿಗೆ ಸಾಕ್ಷರತಾ ವರ್ಗ ಸುರು ಆದ್ವು. ಲಗಮಪ್ಪ ಮಾಸ್ತರ ಸಂಜಿಮುಂದ ಸಾಲಿ ಕಟ್ಟಿ ಮ್ಯಾಲ ಕುಂತು ದೊಡ್ಡವರಿಗೆ ಕಲಸಾಂವ. ಮೊದಲನೇ ದಿನ ಅರವತ್ತ ಮಂದಿ ಬಂದ್ರು, ಎಂಟನೇ ದಿನಕ್ಕ ಹನ್ನೊಂದ ಮಂದಿ ಉಳದ್ರು. ಆಯಿ ಒಂದ ದಿನಾ ತಪ್ಪಲಿಲ್ಲ. ಪಾಟಿ ಸೆರಗಿನ್ಯಾಗ ಮುಚಿಗೊಂಡು ಹೊಂಟ್ರ ಆಯಿ ಸೊಸಿ, ನಮ್ಮವ್ವ, ನಗಾಕಿ, "ಅತ್ತಿ, ಈ ವಯಸ್ಸಿನ್ಯಾಗ ಓದಿ ಸಾಹೇಬಾರ ಆಗತೀರೇನ್ರಿ?" ಅಂತ. ಆಯಿ ಅನ್ನಾಕಿ: "ಸಾಹೇಬಾಕಿ ಆಗಿ ಏನ ಮಾಡ್ಲಿ? ನನ್ನ ಮಗಳ ಕಾಗದ ನಾನ ಓದಬೇಕು. ಎಷ್ಟ ದಿನಾ ಉಮಿ ಬಾಯಿ ನೋಡಕೊಂತ ಕುಂಡ್ರಲಿ?"

ಆ ಪರಾತದಾಗ ಮತ್ತ ಹಿಟ್ಟ ಹರವಿ ಕುಂಡ್ರಾಕ ಹತ್ತಿದ್ಲು. ಈಗ ಬಟ್ಟ ಆಡಸಾಕಿ ಆಯಿ, ತಿದ್ದಾಕಿ ನಾ. 'ಗಂಗಾ' ಬರಿಯಾಕ ಮೂರ ವಾರ ಹಿಡಿತು. ಬಂದ ದಿನ ಅದನ್ನ ಅಳಸಾಕ ಕೊಡಲಿಲ್ಲ, ಮ್ಯಾಲ ಬುಟ್ಟಿ ಮುಚ್ಚಿ ಇಟ್ಲು. ಅವತ್ತ ಬ್ಯಾರೆ ಹಿಟ್ಟ ತಗದು ರೊಟ್ಟಿ ಬಡದ್ವಿ.

ಎರಡ ತಿಂಗಳ ಆಗಿರಬೇಕು. ಒಂದ ಮಧ್ಯಾಹ್ನ ಆಯಿ ನನ್ನ ಕರದು ಕುಂಡ್ರಿಸಿಕೊಂಡ್ಲು. ಮುಂದ ಅತ್ತಿ ಕಾಗದ ಹರವಿ ಇಟ್ಟಿದ್ಲು. "ಉಮಿ, ಇಲ್ಲೆ ನೋಡು. ಇದು 'ಅವ್ವ' ಅಲ್ಲೇನ?"

"ಹೌದು."

"ಇದು?"

"ಅದೂ 'ಅವ್ವ'."

ಸಾಲಗುಂಟ ಬಟ್ಟ ಆಡಸಕೊಂತ ಎಣಿಸಿದ್ಲು. ಒಂದ ಕಾಗದದಾಗ ಎಂಟ ಸಲ ಅವ್ವ. "ನೀ ಇದನ್ನ ಓದಿದಾಗ ಎರಡ ಸಲ ಅಷ್ಟ ಅವ್ವಾ ಅಂದಿದ್ದಿ, ಉಮಿ. ಉಳಿದ ಆರ ಎಲ್ಲಿ ಹೋದ್ವು? ಎಂಟ ಸಲ ಯಾಕ ಕರದಾಳ ಆಕಿ ನನ್ನ?"

"ನಾ ಲಗೂ ಲಗೂ ಓದಿದ್ನಿ ಆಯಿ, ಬಿಟ್ಟಿರಬೇಕು" ಅಂದ್ನಿ. ಆಯಿ ನನ್ನ ಮಾರಿನ ನೋಡಿದ್ಲು, ಬೈಯಲಿಲ್ಲ. "ಆಗಲಿ. ಇನ್ನ ಸ್ವಲ್ಪ ಒತ್ತಕ್ಷರ ಕಲತ್ನಿ ಅಂದ್ರ ನಾನ ಓದತೇನಿ" ಅಂದ್ಲು.

ಅವತ್ತ ಆಕೀ ಮುಂದ ಹೇಳಿಬಿಟ್ಟಿದ್ರ ಮುಗೀತಿತ್ತು. ನಾ ಏನ ಮಾಡಿದ್ನಿ? ಓಡಿ ಹೋಗಿ ಅಪ್ಪಗ ಹೇಳಿದ್ನಿ.

ಪರೀಕ್ಷಾ ಇನ್ನ ಮೂರ ತಿಂಗಳ ಐತಿ ಅಂತಿದ್ದ ಲಗಮಪ್ಪ ಮಾಸ್ತರ, ಎರಡನೇ ದಿನಕ್ಕ "ಮುಂದಿನ ಐತವಾರ ಪರೀಕ್ಷಾ" ಅಂತ ಡಂಗುರಾ ಹೊಡಿಸಿದ. ಮಾಸ್ತರಗ ಅರವತ್ತ ಹೆಸರ ತುಂಬೂದು ಬೇಕಾಗಿತ್ತು, ಅಪ್ಪಗ ಊರ ಮುಂದ 'ಪೂರ್ಣ ಸಾಕ್ಷರ ಗ್ರಾಮ' ಅಂತ ಬೋರ್ಡ ಬೇಕಾಗಿತ್ತು. ಪರೀಕ್ಷಾ ಮುಗೀತಂದ್ರ ವರ್ಗ ಬಂದ್ ಆಗತೈತಿ ಅನ್ನೂದು ಅಪ್ಪಗ ಗೊತ್ತಿರಲಿಲ್ಲೇನು? ಪಕ್ಕಾ ಗೊತ್ತಿತ್ತು.

ಐತವಾರ ಹಿರಿಯಾರನ್ನೆಲ್ಲಾ ಹೊರಗ ಕಟ್ಟಿ ಮ್ಯಾಲ ಹಾಳಿ ಪೆನ್ಸಿಲ್ ಕೊಟ್ಟು ಕುಂಡ್ರಿಸಿದ್ರು. ಸಾಲಿ ಹುಡುಗೂರನ್ನ ಒಳಗ ಖೋಲ್ಯಾಗ ಕುಂಡ್ರಿಸಿ ಬಾಗಲಾ ಹಾಕಿದ್ರು. "ನಿಮ್ಮ ನಿಮ್ಮ ಮನಿ ಹಿರಿಯಾರ ಹೆಸರಿನ್ಯಾಗ ನೀವ ಬರೀರಿ. ಭಾಳ ಚಂದ ಬರಿಬ್ಯಾಡ್ರಿ, ಸಂಶೇ ಬರತೈತಿ" ಅಂದ ಮಾಸ್ತರ. ಕಲಸಾಂವನ ಹಿಂಗಂದ! ನಾ ಶಾಣ್ಯಾಕಿ ನೋಡ್ರಿ, ಎಡಗೈಲೆ ಬರದ್ನಿ, ಮುದುಕಿ ಅಕ್ಷರ ಕಂಡಂಗ ಕಾಣಬೇಕಂತ. ಕಡೀ ಪ್ರಶ್ನಿ 'ನಿಮ್ಮ ಮಗಳಿಗೆ ಒಂದು ಪತ್ರ ಬರೆಯಿರಿ' ಅಂತ ಇತ್ತು. ಬರದ್ನಿ. ಗಂಗಾ ಅನ್ನೂ ಹೆಸರ ಹಾಕೇನ ಬರದ್ನಿ. ಎಮ್ಮಿ ಕರಾದ ಸುದ್ದಿನೂ ಹಾಕಿದ್ನಿ. ನೂರಕ್ಕ ತೊಂಬತ್ತೆರಡ ಬಂದ್ವು.

ಖಿಡಕ್ಯಾಗಿಂದ ಆಯಿ ಕಾಣತಿದ್ಲು. ಉಳಿದವರು ಎಲಿ ಅಡಿಕಿ ಹಾಕ್ಕೊಂಡು ಮಾತಾಡಕೊಂತ ಕುಂತಿದ್ರು. ಆಯಿ ಒಬ್ಬಾಕೇ ಹಾಳಿ ಮ್ಯಾಲ ಬಗ್ಗಿ, ನಾಲಗಿ ಕಚಿಗೊಂಡು, ಬೆವರ ಒರಸಕೊಂತ ಬರಿಯಾಕತ್ತಿದ್ಲು. ಹೊರಗ ಬರದ ಹಾಳಿ ಎಲ್ಲಾ ಆಮ್ಯಾಲ ಮಾಸ್ತರನ ಚಾದ ಒಲಿಗೆ ಹೋದ್ವು.

ದೊಡ್ಡ ಕಾರ್ಯಕ್ರಮ ಆತು. ಪೆಂಡಾಲು, ಮೈಕು, ತಾಲೂಕಿನಿಂದ ಬಂದ ಸಾಹೇಬ್ರು. ಆಯಿಗೆ ಮಾಲಿ ಹಾಕಿ, ಆ ಸರ್ಟಿಫಿಕೇಟ ಕೊಟ್ಟು, ಎರಡ ಮಾತ ಹೇಳ್ರಿ ಅಂದ್ರು. ಆಯಿ ಮೈಕಿನ ಮುಂದ ನಿಂತು, "ಯಪ್ಪಾ, ನಾ ಅಷ್ಟ ಬರದಿಲ್ಲ. ನನ್ನ ಹೆಸರ, ನನ್ನ ಮಗಳ ಹೆಸರ, ಅವ್ವ. ಅಷ್ಟ ಬರದೇನಿ. ನನಗ ಓದಾಕ ಬರೂದಿಲ್ಲ. ನನಗ ಇನ್ನ ಕಲಸ್ರಿ" ಅಂದ್ಲು. ಮಂದಿ ಚಪ್ಪಾಳಿ ಹೊಡದ್ರು! ಮಾಸ್ತರ ಮೈಕ ಕಸಗೊಂಡು "ಎಂಥಾ ವಿನಯ ನೋಡ್ರಿ ಈ ತಾಯೀದು" ಅಂದ. ಸಾಹೇಬ್ರು ನಕ್ರು. ಮರುದಿನ ಪೇಪರಿನ್ಯಾಗ ಆಯಿ ಫೋಟೋ ಬಂತು.

ವರ್ಗ ಬಂದ್ ಆತು. ಆಯಿ ನಾಕ ದಿನಾ ಪಾಟಿ ತಗೊಂಡು ಹೋಗಿ ಕೀಲಿ ಹಾಕಿದ ಸಾಲಿ ಕಟ್ಟಿ ಮ್ಯಾಲ ಕುಂತ ಬಂದ್ಲು. ಐದನೇ ದಿನ ಅತ್ತಿ ಕಾಗದ ಒಂದ ಹಿಡಕೊಂಡು ಮಾಸ್ತರ ಮನಿಗೆ ಹೋದ್ಲು, ನಾನೂ ಬೆನ್ನ ಹತ್ತಿದ್ನಿ. "ಮಾಸ್ತರ, ಇದನ್ನ ಇದ್ದದ್ದ ಇದ್ದಂಗ ಓದಿ ಹೇಳ್ರಿ." ಆಂವ ಕಾಗದ ನೋಡಿದ. ಮಾರಿ ಸಣ್ಣದಾತು. ಪಂಚಾಯ್ತಿ ಮೆಂಬರನ ಮನಿ ಕಾಗದ ಅದು. ಮಡಚಿ ತಿರುಗಿ ಕೊಟ್ಟು, ಹಲ್ಲ ಕಿಸದು ಅಂದ: "ಏನ ಆಯಿ, ಊರಿಗೆ ಮೊದಲನೇ ನಂಬರ ಬಂದಾವರು ನೀವು, ನನ್ನ ಕಡಿಂದ ಓದಸೂದೇನ್ರಿ? ಮಂದಿ ಕೇಳಿದ್ರ ನಗತಾರ."

ಅಕ್ಷರ ಕಲತ ನಾಯಿ ಅಂವ. ನಾಯಿ ಅಂದ್ರ ನಾಯಿಗೆ ಅವಮಾನ.

ಎರಡನೇ ಪಂಚಮಿನೂ ಬಂತು. ಅಪ್ಪ ಮತ್ತ ಒಬ್ಬನ ಬಂದ. ಆಯಿ ಅವತ್ತ ಉಂಡಿ ಮುಟ್ಟಲಿಲ್ಲ. ವಾರ ಬಿಟ್ಟು ಒಂದ ಮುಂಜಾನಿ ಅಪ್ಪ ಹೊಲಕ್ಕ ಹೋಗೂದನ್ನ ನೋಡಕೊಂಡು ನನ್ನ ಕೈ ಹಿಡದ್ಲು. "ನಡಿ, ರಾಮದುರ್ಗಕ್ಕ ಹೋಗೂಣು. ಹಡಿಯೂ ಮಟಾ ಹೋಗಬಾರದಂತ, ರೂಢಿ ಅಂತ! ಒಯ್ದು ಬೆಂಕ್ಯಾಗ ಹಾಕ ಆ ರೂಢಿ" ಅಂದ್ಲು.

ಬೈಲಹೊಂಗಲ ಸ್ಟ್ಯಾಂಡಿನ್ಯಾಗ ಆರೇಳ ಕೆಂಪ ಗಾಡಿ ನಿಂತಿದ್ವು. "ತಡಿ ಆಯಿ, ನಾ ಓದತೇನಿ" ಅಂದ್ನಿ. "ನೀ ಸುಮ್ಮನಿರು" ಅಂದ್ಲು. ಒಂದೊಂದ ಗಾಡಿ ಮುಂದ ಹೋಗಿ, ಕುತಗಿ ಎತ್ತಿ, ಹಣಿ ಮ್ಯಾಲ ಕೈ ಇಟಗೊಂಡು ಬೋರ್ಡ ನೋಡಾಕಿ. ಸವದತ್ತಿ ಗಾಡಿ ಮುಂದ ನಿಂತು "ಸ... 'ಸ' ನಮ್ಮದಲ್ಲ" ಅಂದ್ಲು. ನಾಕನೇ ಗಾಡಿಗೆ ನಿಂತ್ಲು. "ರಾ... ಮ... ದು..." ಕಡೀ ಅಕ್ಷರಕ್ಕ ಒತ್ತ ಇತ್ತು, ಆಯಿ ಅಲ್ಲಿ ಮಟಾ ಕಲತಿರಲಿಲ್ಲ. "ಇದ! ಇದನ ಗಾಡಿ! ಉಳಿದದ್ದು ಗೊತ್ತಾಗದಿದ್ರ ಹಾಳಾಗಿ ಹೋಗಲಿ" ಅಂತ ಜ್ವಾರಾಗಿ ನಕ್ಲು. ಗಾಡ್ಯಾಗ ಕುಂತ ಮ್ಯಾಲ ಮಗ್ಗಲಿನ ಹೆಣಮಗಳಿಗೆ "ಯವ್ವಾ, ಬೋರ್ಡ ನಾನ ಓದಿದ್ನಿ" ಅಂತ ಹೇಳಿಕೊಂಡ್ಲು. ಆಯಿ ಅಷ್ಟ ಖುಷಿಯಾಗಿ ಇದ್ದದ್ದು ನಾ ಮೊದಲ ನೋಡಿರಲಿಲ್ಲ, ಆಮ್ಯಾಲೂ ನೋಡಲಿಲ್ಲ.

ಕೇಳಕೊಂತ ಕೇಳಕೊಂತ ಮನಿ ಹುಡಿಕಿದ್ವಿ. ಬಾಗಲಾ ತಗದಾಕಿ ಗಂಗಾ ಅತ್ತೀನ. ನನಗ ಗುರ್ತ ಹತ್ತಲಿಲ್ಲ. ಗಲ್ಲದ ಎಲುವ ಕಾಣತಿದ್ವು, ಮುಂಗೈ ಮ್ಯಾಲ ಸುಟ್ಟ ಕಲಿ, ಹೊಟ್ಟಿ ಮುಂದ ಬಂದಿತ್ತು. ಐದಾರ ತಿಂಗಳ ಬಸುರಿ. ಆಯಿ "ಯವ್ವಾ ನನ್ನ ಮಗಳ!" ಅಂತ ಕೈ ಚಾಚಿದ್ಲು. ಅತ್ತಿ ಹಿಂದ ಸರದ್ಲು.

"ಯಾಕ ಬಂದಿ?" ಅಂದ್ಲು. "ಹಿಂಗ ನಕ್ಕೋತ ಇರು ಅಂತ ಬರಸಿದ್ದೀಯಲ್ಲ? ನಗಾಕತ್ತೇನೋ ಇಲ್ಲೋ ಅಂತ ನೋಡಾಕ ಬಂದಿ?"

"ಗಂಗವ್ವಾ, ಏನ ಆತ ನಿನಗ? ನೀ ಆರಾಮ ಅದೇನಿ ಅಂತ..."

"ನಾ ಯಾವಾಗ ಬರದ್ನಿ ಆರಾಮ ಅದೇನಿ ಅಂತ? ಬೆನ್ನ ಸುಟ್ಟಾರ ಅಂತ ಬರದ್ನಿ. ಬಂದು ಕರಕೊಂಡ ಹೋಗ್ರಿ ಅಂತ ಬರದ್ನಿ. ಜೀವ ತಣ್ಣಗಾತು ಅಂತ ಉತ್ತರ ಕೊಟ್ಟಿ. ಅಣ್ಣ ಉಮಿಗೆ ಖರೆ ಓದಾಕ ಬಿಟ್ಟಿಲ್ಲೇನೋ ಅಂತ ಸಮಾಧಾನ ಮಾಡಕೊಂಡ್ನಿ. ಆಮ್ಯಾಲ ಇದು ಬಂತು." ಜಂಪರದಾಗಿಂದ ಒಂದ ಪೇಪರ ತುಂಡ ತಗದ್ಲು. ಮಾಲಿ ಹಾಕ್ಕೊಂಡ ಆಯಿ ಫೋಟೋ. ಮಡಚಿ ಮಡಚಿ ಹರದಿತ್ತು. "ನಮ್ಮವ್ವ ಓದಾಕ ಕಲತಾಳ, ಮೊದಲನೇ ನಂಬರ ಬಂದಾಳ ಅಂತ ನಾ ಒಬ್ಬಾಕೇ ಕುಂತು ಅತ್ನಿ ಹಿಗ್ಗಿಲೆ. ನೀನ ಓದಬೇಕಂತ ದಪ್ಪ ದಪ್ಪ ಅಕ್ಷರದಾಗ, ಒತ್ತಕ್ಷರ ಬಿಟ್ಟು, ನಿನ್ನ ಹೆಸರಿಗೆ ಕಾಗದ ಬರದ್ನಿ. ಪಂಚಮಿ ಮಟಾ ಹಾದಿ ಕಾದ್ನಿ. ಓದಿ ಸುಮ್ಮನ ಕುಂತಿ ನೀ."

ಆ ಕಾಗದ ನಮ್ಮ ಮನಿಗೆ ಬಂದದ್ದ ನಾ ಕಂಡಿಲ್ಲ. ಅಪ್ಪ ಪೋಸ್ಟಮನ್ನನ ಕೈಯಾಗಿಂದನ ತಗೊಂಡಿರಬೇಕು.

ಆಯಿ ಬಾಗಲ ಚೌಕಟ್ಟ ಹಿಡಕೊಂಡ್ಲು. "ಇಲ್ಲ ಮಗಳ. ನನಗ ಓದಾಕ ಬರೂದಿಲ್ಲ. ನಿನ್ನ ಆಣಿ, ಬರೂದಿಲ್ಲ."

"ಪೇಪರಿನ್ಯಾಗ ಸುಳ್ಳ ಬರದಾರೇನು? ಇಷ್ಟ ದೂರ ಗಾಡಿ ನೋಡಿ ಹತಗೊಂಡ ಬಂದೀಯಲ್ಲ, ಬೋರ್ಡ ಯಾರ ಓದಿದ್ರು?"

"ನಾನ ಓದಿದ್ನಿ" ಅಂದ್ಲು ಆಯಿ. ಸುಳ್ಳ ಹೇಳಾಕ ಬರದ ಜೀವ ಅದು. ಅಂದ ಮ್ಯಾಲ ತಾ ಏನ ಅಂದ್ನಿ ಅಂತ ಆಕಿಗೆ ತಿಳೀತು. ನನ್ನ ಕಡೆ ತಿರುಗಿದ್ಲು. "ಉಮಿ, ನೀ ಹೇಳು. ನೀನ ಓದಿದಾಕಿ. ನನ್ನ ಮಗಳಿಗೆ ಹೇಳು, ನನಗ ಓದಾಕ ಬರತೈತೇನು?"

ಇಬ್ಬರೂ ನನ್ನ ನೋಡಿದ್ರು. ಒಬ್ಬಾಕಿ ನನಗ ಅಕ್ಷರ ಕಲಿಸಿದಾಕಿ, ಇನ್ನೊಬ್ಬಾಕಿಗೆ ನಾ ಕಲಿಸಿದ್ನಿ. ಒಂದ ಮಾತ ಸಾಕಿತ್ತು. ಕಾಗದ ಸುಳ್ಳ ಓದಿದಾಕಿ ನಾ, ಪರೀಕ್ಷಾ ಬರದಾಕಿ ನಾ ಅಂದಿದ್ರ ಅತ್ತಿ ಆ ಕ್ಷಣ ಚಪ್ಪಲಿ ಮೆಟ್ಟಿ ನಮ್ಮ ಜೋಡಿ ಹೊಂಡತಿದ್ಲು. ನನಗ ಕೊಟ್ಟಿಗ್ಯಾಗ ನಿಂತ ಅಪ್ಪ ಕಂಡ. ಅತ್ತಿ ಚೀ ಅಂತ ಉಗುಳತಾಳ ಅಂತ ಅಂಜಿಕಿ ಬಂತು. ಓಣಿ ಹೆಂಗಸರ ಮುಂದ ಪಟಪಟಾ ಅಂತ ಕಥಿ ಕಟ್ಟಾಕಿ, ಅವತ್ತ ಬಾಯಿ ಬಿಡಲಿಲ್ಲ. ನೆಲಾ ನೋಡಕೊಂತ ನಿಂತ್ನಿ.

"ನೋಡಿದ್ಯಾ? ಆಕೀನೂ ಸುಳ್ಳ ಹೇಳಾಕ ಒಲ್ಲಳು" ಅಂದ್ಲು ಅತ್ತಿ. "ಹೋಗ ಯವ್ವಾ. ನಾ ಇನ್ನ ಬರೂದಿಲ್ಲ, ಬರಿಯೂದೂ ಇಲ್ಲ." ಬಾಗಲಾ ಹಾಕಿದ್ಲು.

ಆಮ್ಯಾಲ ಹತ್ತ ವರ್ಷಕ್ಕ, ಹೋದ ವರ್ಷ, ಕಿತ್ತೂರಾಗ ನೌಕರಿ ಹತ್ತಿದ ಮ್ಯಾಲ ನಾ ಒಬ್ಬಾಕೇ ಹೋಗಿ ಅತ್ತಿ ಮುಂದ ಎಲ್ಲಾ ಹೇಳಿದ್ನಿ. ಕೇಳಿ ಮುಗಿಸಿ ಅಂದ್ಲು, "ನೀ ಸಣ್ಣಾಕಿದ್ದಾಗಿಂದ ಕಥಿ ಭಾಳ ಛಲೋ ಕಟ್ಟತಿ." ಚಾ ಕುಡೀತೀಯೇನ ಅಂತ ಸುದ್ದಾ ಕೇಳಲಿಲ್ಲ. ಆಕೀದೇನ ತಪ್ಪ?

ಅವತ್ತ ರಾಮದುರ್ಗದ ಸ್ಟ್ಯಾಂಡಿಗೆ ಬರೂ ಮಟಾ ಆಯಿ ನನ್ನ ಕೈ ಹಿಡಿಲಿಲ್ಲ. ಗಾಡಿ ನಿಂತಿತ್ತು. ಬೋರ್ಡ ಮ್ಯಾಲ ಬೈಲಹೊಂಗಲ ಅಂತ ದೊಡ್ಡ ಅಕ್ಷರ. ಆಯಿ ತಲಿ ಎತ್ತಿ ಒಂದ ಸಲ ನೋಡಿದ್ಲು. ತುಟಿ ಅಲುಗಿದ್ವು. ಆಮ್ಯಾಲ ತಲಿ ಕೆಳಗ ಹಾಕಿ, ಬೀಡಿ ಸೇದಕೊಂತ ನಿಂತಿದ್ದ ಒಬ್ಬ ಗಂಡಸನ್ನ ಕೇಳಿದ್ಲು.

"ಯಪ್ಪಾ, ಈ ಗಾಡಿ ಎಲ್ಲಿಗೆ ಹೊಂಟೈತಿ?"

"ಮ್ಯಾಲ ಬರದೈತಲ್ಲಬೇ."

"ನನಗ ಓದಾಕ ಬರೂದಿಲ್ಲಪ್ಪಾ" ಅಂದ್ಲು.

ನಾ ಆಕೀ ಮಗ್ಗಲಕ್ಕ ನಿಂತಿದ್ನಿ. ನನ್ನ ಕೇಳಲಿಲ್ಲ.